ವರ್ಧಿತ ವಾಸ್ತವದ ಹೆಡ್-ಅಪ್ ಡಿಸ್‌ಪ್ಲೇಯಲ್ಲಿ ಆಳದ ಗ್ರಹಿಕೆ

ವಾಹನದ ಮುಂಗಾಜಿನ ಮೂಲಕ ಕಾಣುವ ದಿಕ್ಕಿನ ಬಾಣ, ಎಚ್ಚರಿಕೆ ಮುಂತಾದ ಕೃತಕ ಚಿಹ್ನೆಗಳು ಎಷ್ಟು ದೂರದಲ್ಲಿವೆಯೆಂದು ಚಾಲಕರ ದೃಷ್ಟಿ ಅಂದಾಜಿಸುವ ಬಗೆ. ಗಾಜಿನಿಂದ ಪ್ರತಿಫಲಿಸಿದ ಬೆಳಕು ಅದರಾಚೆ ಮಿಥ್ಯಾಬಿಂಬವಾಗಿ ತೋರುತ್ತದೆ. ಸಾಮಾನ್ಯ ಹೆಡ್-ಅಪ್ ಡಿಸ್‌ಪ್ಲೇಗಳಲ್ಲಿ ಬಿಂಬದ ದೂರ ಸುಮಾರು 2–3 ಮೀಟರ್. 2020ರ ಮರ್ಸಿಡಿಸ್-ಬೆಂಜ್ ಎಸ್-ಕ್ಲಾಸ್‌ನ ವರ್ಧಿತ ವಾಸ್ತವದ ಡಿಸ್‌ಪ್ಲೇಯಲ್ಲಿ ಅದು ಸುಮಾರು 10 ಮೀಟರ್. ಫೋಕ್ಸ್‌ವ್ಯಾಗನ್ ಐಡಿ.3 ವೇಗದ ಮಾಹಿತಿಯನ್ನು ಹತ್ತಿರದ ತಲದಲ್ಲೂ ದಾರಿಯ ಬಾಣವನ್ನು ದೂರದ ತಲದಲ್ಲೂ ಮೂಡಿಸುತ್ತದೆ.

ಬಿಂಬ ಹತ್ತಿರ, ರಸ್ತೆ ದೂರವಿದ್ದಾಗ ಕಣ್ಣು ಪದೇ ಪದೇ ನಾಭಿ ಬದಲಿಸಬೇಕು. ಒಂದನ್ನು ದಿಟ್ಟಿಸಿದರೆ ಇನ್ನೊಂದು ಎರಡಾಗಿ ಕಾಣಬಹುದು. ದೂರ ಹೆಚ್ಚಿದಂತೆ ಎರಡು ಕಣ್ಣುಗಳ ನೋಟದ ವ್ಯತ್ಯಾಸ ಕುಗ್ಗಿ, ಗಾತ್ರ, ಪರಿಪ್ರೇಕ್ಷ್ಯ, ಚಲನೆ, ಮರೆಮಾಡುವಿಕೆ ಎಂಬ ಸುಳಿವುಗಳು ಮುಖ್ಯವಾಗುತ್ತವೆ. ಮುಂದಿನ ಲಾರಿಯಾಚೆ ಇರಬೇಕಾದ ಬಾಣ ಲಾರಿಯ ಮೇಲೆಯೇ ಮೂಡಿದರೆ ಸುಳಿವುಗಳು ಘರ್ಷಿಸಿ ಅಂದಾಜು ತಪ್ಪುತ್ತದೆ. ಆದ್ದರಿಂದ ಕ್ಯಾಮೆರಾ, ರೇಡಾರ್‌ಗಳ ಅಳತೆಗೆ ಅನುಗುಣವಾಗಿ ಚಿಹ್ನೆಯನ್ನು ಹೊಂದಿಸಲಾಗುತ್ತದೆ.