ತಿದಿ ಒತ್ತುವವರಾರು?

ಕುಲುಮೆಯ ಮುಂದೆ ಕುಳಿತ ಕಮ್ಮಾರನಿಗೆ ಚೆನ್ನಾಗಿ ತಿಳಿದಿರುವ ಸಂಗತಿಯೊಂದುಂಟು. ಇದ್ದಿಲು ಎಷ್ಟೇ ರಾಶಿ ಬಿದ್ದಿರಲಿ, ತಿದಿಯ ಗಾಳಿ ಬೀಳದೆ ಕಬ್ಬಿಣ ಕೆಂಪಾಗದು. ಮೋಟಾರುಗಾಡಿಯ ಎಂಜಿನ್ನಿನ ಮರ್ಮವೂ ಇದೇ. ಸಿಲಿಂಡರಿನೊಳಕ್ಕೆ ಪೆಟ್ರೋಲನ್ನು ಹೆಚ್ಚಾಗಿ ಬಿಡುವುದು ಸುಲಭ. ಅದನ್ನು ಉರಿಸಲು ತಕ್ಕಷ್ಟು ಗಾಳಿಯನ್ನು ತುಂಬುವುದೇ ಕಷ್ಟ. ಪಿಸ್ಟನ್ನು ಕೆಳಗಿಳಿದಾಗ ಹೊರಗಣ ವಾತಾವರಣ ತಾನಾಗಿ ಎಷ್ಟು ಗಾಳಿಯನ್ನು ಒಳನೂಕುತ್ತದೆಯೋ, ಸಾಧಾರಣ ಎಂಜಿನ್ನು ಅಷ್ಟರಲ್ಲೇ ತೃಪ್ತಿಪಡಬೇಕು. ಸಾಲದೆಂದರೆ ಎಂಜಿನ್ನನ್ನೇ ದೊಡ್ಡದು ಮಾಡಬೇಕು, ಇಲ್ಲವೇ ಗಾಳಿಯನ್ನು ಒತ್ತಿ ತುಂಬಬೇಕು.

ಒತ್ತಿ ತುಂಬುವವರಲ್ಲಿ ಎರಡು ಪಂಗಡ. ಒಂದು ಸೂಪರ್‌ಚಾರ್ಜರಿನ ಪಂಗಡ, ಇನ್ನೊಂದು ಟರ್ಬೋಚಾರ್ಜರಿನದು. ತಿದಿ ಒತ್ತುವವರು ಯಾರು ಎಂಬುದರಲ್ಲಿಯೇ ಇವುಗಳ ವ್ಯತ್ಯಾಸವೆಲ್ಲ ಅಡಗಿದೆ. ಸೂಪರ್‌ಚಾರ್ಜರನ್ನು ಎಂಜಿನ್ನು ತನ್ನ ದಂಡದಿಂದಲೇ ತಿರುಗಿಸಬೇಕು. ಕಮ್ಮಾರನೇ ಒಂದು ಕೈಯಲ್ಲಿ ತಿದಿ ಒತ್ತುತ್ತ ಇನ್ನೊಂದು ಕೈಯಲ್ಲಿ ಸುತ್ತಿಗೆ ಬೀಸಿದಂತೆ. ಟರ್ಬೋಚಾರ್ಜರಿನಲ್ಲಿ, ಎಂಜಿನ್ನು ಹೊರಕ್ಕೆ ಬಿಸಾಡುವ ಬಿಸಿ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರದ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊಸ ಗಾಳಿಯನ್ನು ಒಳಕ್ಕೆ ಒತ್ತುತ್ತದೆ. ಕೇಳಿದೊಡನೆ ಎರಡನೆಯದೇ ಜಾಣತನವೆನಿಸುತ್ತದೆ. ಹಾಗಿದ್ದೂ ವೇಗದ ಕಾರುಗಳನ್ನು ಕಟ್ಟುವವರು ಅರ್ಧ ಶತಮಾನದ ಕಾಲ ಮೊದಲನೆಯದನ್ನೇ ಹಿಡಿದುಕೊಂಡಿದ್ದರು. ಯಂತ್ರಶಾಸ್ತ್ರ ನನ್ನ ಕಸುಬಲ್ಲ. ಇತಿಹಾಸ ಓದುವವನಾಗಿ ನನ್ನನ್ನು ಬಹುಕಾಲ ಕಾಡಿದ್ದು ಈ ಪ್ರಶ್ನೆ.

ತಿದಿಯ ಮಾತು ಬರಿಯ ಉಪಮೆಯಲ್ಲ, ಅದೊಂದು ವಂಶಾವಳಿಯೂ ಹೌದು. ಅಮೆರಿಕದ ಇಂಡಿಯಾನಾ ಪ್ರಾಂತದ ಕಾನರ್ಸ್‌ವಿಲ್ ಎಂಬ ಊರಿನಲ್ಲಿ ಉಣ್ಣೆಯ ಗಿರಣಿ ನಡೆಸುತ್ತಿದ್ದ ರೂಟ್ಸ್ ಸಹೋದರರು 19ನೆಯ ಶತಮಾನದ ನಡುಗಾಲದಲ್ಲಿ ಒಂದು ಊದುಯಂತ್ರವನ್ನು ಕಂಡುಹಿಡಿದರು. ಅದು ಹೆಸರು ಮಾಡಿದ್ದು ಕಬ್ಬಿಣ ಕರಗಿಸುವ ಕುಲುಮೆಗಳಲ್ಲಿ. ಮುಂದೆ ಎಷ್ಟೋ ಕಾರುಗಳ ಸೂಪರ್‌ಚಾರ್ಜರು ಈ ಯಂತ್ರದ ಸಂತಾನವೇ. ಗಾಳಿಯನ್ನು ಒತ್ತಿ ತುಂಬುವ ವಿಚಾರಕ್ಕೆ ಜರ್ಮನಿಯ ಗಾಟ್ಲೀಬ್ ಡೈಮ್ಲರ್ 1885ರಲ್ಲಿಯೇ ಪೇಟೆಂಟು ಪಡೆದಿದ್ದನು. ಹೊಗೆಯಿಂದ ಗಾಳಿ ಒತ್ತಿಸುವ ವಿಚಾರವೂ ಬಹಳ ತಡವಾಗಿ ಬಂದುದಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಅದಕ್ಕೆ ಪೇಟೆಂಟು ಪಡೆದದ್ದು 1905ರಲ್ಲಿ.

ಬ್ಯೂಖಿಯ ಯಂತ್ರ ಹೋದ ದಾರಿಯೇ ಬೇರೆ. 1920ರ ದಶಕದಲ್ಲಿ ಅದು ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳನ್ನು ಸೇರಿ, ಅವುಗಳ ಡೀಸೆಲ್ ಎಂಜಿನ್ನಿನ ಬಲವನ್ನು 1,750 ಅಶ್ವಶಕ್ತಿಯಿಂದ 2,500ಕ್ಕೆ ಏರಿಸಿತು. ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ 1918ರಲ್ಲಿ ವಿಮಾನದ ಎಂಜಿನ್ನೊಂದನ್ನು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ನೆತ್ತಿಗೆ ಸಾಗಿಸಿ, ಗಾಳಿ ತೆಳುವಾದ ಆ ಎತ್ತರದಲ್ಲೂ ಟರ್ಬೋ ಅದರ ಉಸಿರನ್ನು ಉಳಿಸಬಲ್ಲುದೆಂದು ತೋರಿಸಿಕೊಟ್ಟನು. ಎರಡನೆಯ ಮಹಾಯುದ್ಧದ ಅಮೆರಿಕನ್ ಬಾಂಬರುಗಳು ಆ ಪಾಠದ ಫಲವನ್ನುಂಡವು. ಹಡಗು, ವಿಮಾನ, ರೈಲು, ಈ ಮೂರೂ ಒಂದೇ ಹದದಲ್ಲಿ ಗಂಟೆಗಟ್ಟಲೆ ದುಡಿಯುವ ಯಂತ್ರಗಳೆಂಬುದನ್ನು ಗಮನಿಸಬೇಕು. ಬೆಟ್ಟದ ತಿರುವಿನ ರಸ್ತೆಯಲ್ಲಿ ಓಡುವ ಕಾರಿನ ಬಾಳು ಹಾಗಲ್ಲ. ಅದು ಕ್ಷಣಕ್ಷಣಕ್ಕೂ ತಗ್ಗಬೇಕು, ಏರಬೇಕು.

ನಮ್ಮ ರೈಲು ನಿಲ್ದಾಣಗಳಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ದಶಕಗಳ ಕಾಲ ನಮ್ಮ ಗಾಡಿಗಳನ್ನು ಎಳೆದ ಡಬ್ಲ್ಯು.ಡಿ.ಎಂ.-2 ಜಾತಿಯ ಡೀಸೆಲ್ ಎಂಜಿನ್ನು ಹೊರಡುವ ಸಂದರ್ಭವನ್ನು ನೆನೆದುಕೊಳ್ಳಿ. ಚಾಲಕ ಹಿಡಿ ತಿರುಗಿಸಿದೊಡನೆ ಮೊದಲು ಕರಿಹೊಗೆಯ ಮೋಡ. ಆಮೇಲೆ ಸಣ್ಣಗೆ ಹುಟ್ಟಿ ಮೇಲೇರುವ ಸಿಳ್ಳಿನ ದನಿ. ಆ ಸಿಳ್ಳು ಟರ್ಬೋಚಾರ್ಜರಿನದು. ಇಂಧನ ಮೊದಲು ಬಂತು, ಗಾಳಿ ಹಿಂದುಳಿಯಿತು. ಕರಿಹೊಗೆಯ ಅರ್ಥ ಇಷ್ಟೇ. ಹೊಗೆ ಹೆಚ್ಚಾದ ಹೊರತು ಚಕ್ರ ತಿರುಗದು, ಚಕ್ರ ತಿರುಗದೆ ಗಾಳಿ ಬಾರದು. ರೈಲಿಗೆ ಈ ವಿಳಂಬ ಏನೂ ಅಲ್ಲ, ಮುಂದಿನ ನಿಲ್ದಾಣ ಓಡಿಹೋಗುವುದಿಲ್ಲ. ಪಂದ್ಯದ ಕಾರಿಗೆ ಎರಡು ಕ್ಷಣ ಎರಡು ಯುಗ. ಇದರ ಜೊತೆಗೆ, ಕೆಂಡದಂಥ ಹೊಗೆಯಲ್ಲಿ ಮಿನಿಟಿಗೆ ಹತ್ತಾರು ಸಾವಿರ ಸುತ್ತು ತಿರುಗಿಯೂ ಸೀಳದಂಥ ಲೋಹವನ್ನು ಕಾರಿಗೆ ಎಟಕುವ ಬೆಲೆಯಲ್ಲಿ ಒದಗಿಸುವುದೂ ಆಗ ಸುಲಭವಿರಲಿಲ್ಲ.

ಹೀಗಾಗಿ 1920ರ ದಶಕವೆಲ್ಲ ಸೂಪರ್‌ಚಾರ್ಜರಿನದಾಯಿತು. ಮರ್ಸಿಡಿಸ್ ಸಂಸ್ಥೆ 1921ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಇಂಥ ಕಾರುಗಳನ್ನು ಮಾರಾಟಕ್ಕಿಟ್ಟಿತು. 1923ರಲ್ಲಿ ಮೊಂಜಾದ ಪಂದ್ಯವನ್ನು ಸೂಪರ್‌ಚಾರ್ಜರಿದ್ದ ಫಿಯಟ್ ಗೆದ್ದ ಮೇಲೆ ಮಿಕ್ಕವರೂ ಹಿಂದೆ ಬಿದ್ದರು. ಮರ್ಸಿಡಿಸ್ಸಿನ ಏರ್ಪಾಟಂತೂ ನಾಟಕೀಯವಾದುದು: ಚಾಲಕ ಕಾಲಿನ ಒತ್ತುಗೆಯನ್ನು ತಳಮುಟ್ಟ ತುಳಿದರೆ ಮಾತ್ರ ಊದುಯಂತ್ರ ಎಂಜಿನ್ನಿಗೆ ಕೂಡಿಕೊಂಡು ಚೀರುತ್ತಿತ್ತು. ಹೊತ್ತಾರೆ ಅದನ್ನೇ ತುಳಿಯುತ್ತ ಕೂತರೆ ಎಂಜಿನ್ನು ಬಾಳುತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ ಇದೇ ವಿಷಯ ಒಂದು ಮನೆಯ ಜಗಳವೇ ಆಯಿತು. ಬೆಂಟ್ಲಿ ಕಾರುಗಳ ಜನಕ ಡಬ್ಲ್ಯು. ಓ. ಬೆಂಟ್ಲಿಗೆ ಸೂಪರ್‌ಚಾರ್ಜರೆಂದರೆ ಆಗದು. ಹೆಚ್ಚು ಬಲ ಬೇಕೆಂದರೆ ದೊಡ್ಡ ಎಂಜಿನ್ನು ಕಟ್ಟಿ, ಇದ್ದುದನ್ನು ಹಿಂಸಿಸಬೇಡಿ ಎಂಬುದು ಅವನ ನಿಲುವು. ಅವನ ಗಾಡಿಗಳನ್ನೇ ಓಡಿಸುತ್ತಿದ್ದ ಸರ್ ಹೆನ್ರಿ ಬರ್ಕಿನ್, ಗೆಳೆಯರಿಗೆ ಟಿಮ್, ಇದಕ್ಕೆ ಒಪ್ಪಲಿಲ್ಲ. ನಾಲ್ಕೂವರೆ ಲೀಟರಿನ ಎಂಜಿನ್ನಿಗೆ ಆಮ್ಹರ್ಸ್ಟ್ ವಿಲಿಯರ್ಸ್ ರೂಪಿಸಿದ ಊದುಯಂತ್ರವನ್ನು ಬಿಗಿಸಬೇಕೆಂದು ಹಟ ಹಿಡಿದನು. ಕುದುರೆ ಪಂದ್ಯಗಳಲ್ಲಿ ಹೆಸರಾದ ಶ್ರೀಮಂತೆ ಡೊರೊಥಿ ಪ್ಯಾಜೆಟ್ ಹಣ ಕೊಟ್ಟಳು. ಸಂಸ್ಥೆಯ ಅಧ್ಯಕ್ಷ ವುಲ್ಫ್ ಬಾರ್ನಾಟೋ ತಲೆಯಾಡಿಸಿದನು. ಲೆ ಮಾನ್ ಪಂದ್ಯದ ನಿಯಮಕ್ಕಾಗಿ ಇಂಥವೇ 50 ಗಾಡಿಗಳನ್ನು ಮಾರಾಟಕ್ಕೆಂದು ಕಟ್ಟಬೇಕಾಯಿತು. ತನ್ನ ಹೆಸರು ಹೊತ್ತ ಗಾಡಿಯ ಮೂತಿಯ ಮುಂದೆ, ತನಗೆ ಒಲ್ಲದ ಯಂತ್ರವೊಂದು ಮೂಗುಬೊಟ್ಟಿನಂತೆ ಅಂಟಿಕೊಂಡುದನ್ನು ಬೆಂಟ್ಲಿ ನೋಡಬೇಕಾಯಿತು.

1930ರ ಲೆ ಮಾನ್ ಪಂದ್ಯ 24 ಗಂಟೆಗಳ ಓಟ. ಎದುರಾಳಿಯಾಗಿ ಬಂದುದು ಒಂದೇ ಒಂದು ಮರ್ಸಿಡಿಸ್; ಅದರ ಚಾಲಕರಲ್ಲೊಬ್ಬ ರುಡಾಲ್ಫ್ ಕಾರಾಚಿಯೋಲಾ. ಬರ್ಕಿನ್ ಆರಂಭದಲ್ಲಿಯೇ ಅವನನ್ನು ಬೆನ್ನಟ್ಟಿ, ನೇರ ರಸ್ತೆಯ ಕೊನೆಯಲ್ಲಿ ಚಕ್ರಗಳನ್ನು ಹುಲ್ಲಿನ ಮೇಲೆ ಹಾಯಿಸಿ, ಟಯರಿನ ಸಿಪ್ಪೆ ಸುಲಿದು ಹಾರುತ್ತಿದ್ದರೂ ಲೆಕ್ಕಿಸದೆ ಮುಂದೆ ನುಗ್ಗಿದನು. ನೆರೆದವರಿಗೆ ಅದೊಂದು ಮರೆಯಲಾಗದ ದೃಶ್ಯ. ಫಲ ಮಾತ್ರ ಬೇರೆ. ರಾತ್ರಿ ಮರ್ಸಿಡಿಸ್ಸಿನ ವಿದ್ಯುತ್ ವ್ಯವಸ್ಥೆ ಕೈಕೊಟ್ಟು ಅದು ನಿಂತುಹೋಯಿತು. ಊದುಯಂತ್ರದ ಬೆಂಟ್ಲಿಗಳೂ ಎಂಜಿನ್ನು ಸೋತು ಕೊನೆಯವರೆಗೆ ಓಡಲಿಲ್ಲ. ಗೆದ್ದದ್ದು ಬಾರ್ನಾಟೋ ಮತ್ತು ಗ್ಲೆನ್ ಕಿಡ್‌ಸ್ಟನ್ ಓಡಿಸಿದ ಆರೂವರೆ ಲೀಟರಿನ ಬೆಂಟ್ಲಿ. ಎರಡನೆಯದಾಗಿ ಬಂದುದೂ ಅದರ ಸೋದರನೇ. ಅವೆರಡರಲ್ಲೂ ಊದುಯಂತ್ರವಿರಲಿಲ್ಲ.

ಬೆಂಟ್ಲಿಯ ಮಾತೇ ನಿಂತಿತು. ಆದರೆ 1931ರಲ್ಲಿ ಸಂಸ್ಥೆ ಸಾಲದಲ್ಲಿ ಮುಳುಗಿ ರೋಲ್ಸ್ ರಾಯ್ಸ್ ಪಾಲಾಯಿತು. 1933ರಲ್ಲಿ ಬರ್ಕಿನ್ 36ನೆಯ ವಯಸ್ಸಿಗೇ ತೀರಿಕೊಂಡನು. ಜನರ ನೆನಪಿನಲ್ಲಿ ಉಳಿದದ್ದಾದರೂ ಗೆದ್ದ ಗಾಡಿಯಲ್ಲ. ಇಯಾನ್ ಫ್ಲೆಮಿಂಗ್ 1953ರಲ್ಲಿ ತನ್ನ ಜೇಮ್ಸ್ ಬಾಂಡನನ್ನು ಮೊದಲ ಕಾದಂಬರಿಯಲ್ಲಿ ಕೂರಿಸಿದ್ದು ವಿಲಿಯರ್ಸ್ ಊದುಯಂತ್ರದ ಬೆಂಟ್ಲಿಯಲ್ಲಿ. 2020ರ ದಶಕದಲ್ಲಿ ಬೆಂಟ್ಲಿ ಸಂಸ್ಥೆಯೇ ಅದರ 12 ಹೊಸ ಪ್ರತಿಗಳನ್ನು ಕಟ್ಟಿ ಮಾರಿತು. ಸೋತವನ ಪ್ರತಿಮೆ ಗೆದ್ದವನ ಮನೆಯಂಗಳದಲ್ಲಿ!

ಸೂಪರ್‌ಚಾರ್ಜರಿನ ನಿಜವಾದ ಲೆಕ್ಕ ಚುಕ್ತವಾದದ್ದು ಇಪ್ಪತ್ತು ವರ್ಷಗಳ ತರುವಾಯ, ಗ್ರ್ಯಾನ್ ಪ್ರೀ ಕಣದಲ್ಲಿ. ಆಗಿನ ನಿಯಮದಂತೆ ಊದುಯಂತ್ರವಿದ್ದ ಎಂಜಿನ್ನು ಒಂದೂವರೆ ಲೀಟರು ಮೀರಬಾರದು. ಇಲ್ಲದಿದ್ದರೆ ನಾಲ್ಕೂವರೆ ಲೀಟರಿನವರೆಗೆ ಅವಕಾಶ. ಆಲ್ಫಾ ರೋಮಿಯೋದ ಒಂದೂವರೆ ಲೀಟರಿನ ಎಂಜಿನ್ನು 1951ರ ಹೊತ್ತಿಗೆ 400ಕ್ಕೂ ಮೀರಿದ ಅಶ್ವಶಕ್ತಿಯನ್ನು ಹೊಮ್ಮಿಸುತ್ತಿತ್ತು. ಇದು ಪವಾಡವೇ ಸರಿ. ಆದರೆ ನೂರಕ್ಕೂ ಮಿಕ್ಕ ಅಶ್ವಶಕ್ತಿಯನ್ನು ತಿದಿ ಒತ್ತುವುದಕ್ಕೇ ವ್ಯಯಿಸಬೇಕಿತ್ತು. ಗ್ಯಾಲನ್ನು ಇಂಧನಕ್ಕೆ ಗಾಡಿ ಓಡುತ್ತಿದ್ದುದು ಸುಮಾರು ಒಂದೂವರೆ ಮೈಲಿ. ಒಂದು ಕಾಲದಲ್ಲಿ ಆಲ್ಫಾದ ಪಂದ್ಯದ ತಂಡವನ್ನೇ ನಡೆಸಿದ್ದ ಎನ್ಜೋ ಫೆರಾರಿಗೆ ಈ ಹೊಟ್ಟೆಬಾಕತನದ ಅರಿವಿತ್ತು. ಅವನ ಬಳಿ ಇದ್ದ ಔರೆಲಿಯೋ ಲಾಂಪ್ರೆದಿ ಎಂಬ ತರುಣ ಊದುಯಂತ್ರದ ಗೊಡವೆಯೇ ಇಲ್ಲದ ನಾಲ್ಕೂವರೆ ಲೀಟರಿನ ಎಂಜಿನ್ನನ್ನು ಕಟ್ಟಿದನು. 1951ರ ಜುಲೈ 14ರಂದು ಸಿಲ್ವರ್‌ಸ್ಟೋನಿನಲ್ಲಿ ಫ್ರೊಯ್ಲಾನ್ ಗೊನ್ಸಾಲೆಸ್ ಅದನ್ನು ಓಡಿಸಿ ಆಲ್ಫಾಗಳನ್ನು ಸೋಲಿಸಿದನು. ಆ ವರ್ಷದ ವಿಶ್ವಪಟ್ಟ ಆಲ್ಫಾದ ಫಾಂಜಿಯೋಗೇ ಸಂದಿತಾದರೂ, ವರ್ಷಾಂತ್ಯಕ್ಕೆ ಆಲ್ಫಾ ಕಣದಿಂದ ಹಿಂದೆ ಸರಿಯಿತು.

ಟರ್ಬೋ ಕಾರಿನೊಳಗೆ ಕಾಲಿಟ್ಟದ್ದು 1962ರಲ್ಲಿ, ಅಮೆರಿಕದಲ್ಲಿ. ಆಲ್ಡ್ಸ್‌ಮೊಬೀಲ್ ಸಂಸ್ಥೆಯ ಜೆಟ್‌ಫೈರ್ ಗಾಡಿಗೆ ಪೆಟ್ರೋಲಿನ ಜೊತೆಗೆ ನೀರು ಬೆರೆಸಿದ ಮದ್ಯಸಾರದ ದ್ರವವೊಂದನ್ನೂ ಬೇರೆ ಪಾತ್ರೆಯಲ್ಲಿ ತುಂಬಬೇಕಿತ್ತು. ಇಲ್ಲದಿದ್ದರೆ ಒತ್ತಿದ ಗಾಳಿಯ ಕಾವಿಗೆ ಎಂಜಿನ್ನು ಕುಟ್ಟುತ್ತಿತ್ತು. ಮಾಲೀಕರು ತುಂಬಲು ಮರೆತರು. ಗಾಡಿ ಎರಡೇ ವರ್ಷಕ್ಕೆ ನಿಂತಿತು. ಯುರೋಪಿನಲ್ಲಿ ಬಿ.ಎಂ.ಡಬ್ಲ್ಯು. 1973ರಲ್ಲಿ 170 ಅಶ್ವಶಕ್ತಿಯ 2002 ಟರ್ಬೋವನ್ನು ಹೊರತಂದು, ಮುಂದಿನ ಗಾಡಿಯವನು ಕನ್ನಡಿಯಲ್ಲಿ ಓದಿ ದಾರಿ ಬಿಡಲೆಂದು ಹೆಸರನ್ನು ತಿರುಗುಮುರುಗಾಗಿ ಬರೆಯಿಸಿತು. ಈ ಹಮ್ಮಿಗೆ ಉತ್ತರವೆಂಬಂತೆ ಅದೇ ವರ್ಷ ತೈಲದ ಬಿಕ್ಕಟ್ಟು ಬಂದೆರಗಿತು. 1,672 ಗಾಡಿಗಳಿಗೇ ಆ ಕಥೆ ಮುಗಿಯಿತು.

ಬಾಳಿದ್ದು 1974ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿದ ಪೋರ್ಷೆ 911 ಟರ್ಬೋ. ಪಂದ್ಯದ 917ರಲ್ಲಿ ಸಾವಿರ ಅಶ್ವಶಕ್ತಿಯನ್ನು ಪಳಗಿಸಿದ್ದ ಅನುಭವ ಅದರ ಹಿಂದಿತ್ತು. ಹೆಚ್ಚಾದ ಹೊಗೆಯನ್ನು ಚಕ್ರದ ಮೇಲೆ ಬಿಡದೆ ಪಕ್ಕದ ದಾರಿಯಿಂದ ಹೊರಹಾಕುವ ಕವಾಟವೇ ಆ ಪಳಗಿಸುವಿಕೆಯ ಗುಟ್ಟು. ವಿಳಂಬ ಮಾತ್ರ ಹೋಗಿರಲಿಲ್ಲ. ತಿರುವಿನ ನಡುವೆ ಚಾಲಕ ಒತ್ತುಗೆ ತುಳಿಯುತ್ತಾನೆ, ಏನೂ ಆಗುವುದಿಲ್ಲ, ಇನ್ನಷ್ಟು ತುಳಿಯುತ್ತಾನೆ, ಆಗ ಕೇಳಿದ್ದೂ ಕೇಳದಿದ್ದೂ ಒಟ್ಟಿಗೆ ಬಂದು ಬೀಳುತ್ತದೆ. ಗಾಬರಿಯಿಂದ ಕಾಲು ತೆಗೆದರೆ, ಎಂಜಿನ್ನು ಹಿಂದೆ ಇರುವ ಆ ಗಾಡಿ ತನ್ನ ಬಾಲವನ್ನೇ ಮುಂದೆ ಮಾಡಿ ನಿಲ್ಲುತ್ತದೆ. ಕೊಟ್ಟ ದುಡ್ಡಿಗೆ ಗಾಡಿ ಸಿಕ್ಕಿತು, ಅದನ್ನು ನಡೆಸುವ ತಾಳ್ಮೆ ಸಿಗಲಿಲ್ಲ.

ಇವೆರಡೂ ಮುಖಾಮುಖಿಯಾಗಿ ತೂಗಿಕೊಂಡದ್ದು 1983ರ ವಿಶ್ವ ರ್‍ಯಾಲಿ ಸರಣಿಯಲ್ಲಿ. ಒಂದು ಕಡೆ ಟರ್ಬೋ ಹೊತ್ತು ನಾಲ್ಕೂ ಚಕ್ರಗಳಿಂದ ನೂಕುವ ಆಡಿ ಕ್ವಾಟ್ರೋ. ಇನ್ನೊಂದು ಕಡೆ ಹಿಂದಿನ ಎರಡೇ ಚಕ್ರಗಳಿಂದ ನೂಕುವ ಇಟಲಿಯ ಲಾನ್ಸಿಯಾ 037. ಅದು ಆರಿಸಿಕೊಂಡದ್ದು ಹಳೆಯ ಸೂಪರ್‌ಚಾರ್ಜರನ್ನೇ! ಬಲ ಕಡಿಮೆಯಾದರೂ ಚಿಂತೆಯಿಲ್ಲ, ಕೇಳಿದ ಕೂಡಲೇ ಬರಬೇಕು ಎಂಬುದು ಅದರ ವಾದ. ತಿರುವುಗಳೇ ತುಂಬಿದ ಕಾರ್ಸಿಕಾ ದ್ವೀಪದಲ್ಲಿ ಮಾರ್ಕು ಆಲೆನ್ ಗೆದ್ದನು, ಮಾಂಟೆಕಾರ್ಲೋದಲ್ಲಿ ವಾಲ್ಟರ್ ರ್‍ಯೋರ್ಲ್. ವರ್ಷದ ಕೊನೆಗೆ ತಯಾರಕರ ಪಟ್ಟ 118 ಅಂಕಗಳಿಂದ ಲಾನ್ಸಿಯಾಕ್ಕೆ, ಆಡಿಗೆ 116. ಲಾನ್ಸಿಯಾದ ಆ ಎಂಜಿನ್ನಿನ ಮೂಲವಿನ್ಯಾಸ ಯಾರದೆಂಬುದನ್ನು ಓದಿದಾಗ ನಾನು ಪುಸ್ತಕವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅದೇ ಲಾಂಪ್ರೆದಿ. 1951ರಲ್ಲಿ ಸೂಪರ್‌ಚಾರ್ಜರನ್ನು ಕಣದಿಂದ ಹೊರಹಾಕಿದವನ ಎಂಜಿನ್ನಿನ ಮೇಲೆ ಏರಿಯೇ ಅದು ಮರಳಿ ಬಂದಿತ್ತು. ಸಿಲ್ವರ್‌ಸ್ಟೋನಿನಲ್ಲಿ ಲೆಕ್ಕಕ್ಕೆ ಬಂದುದು ಇಂಧನ. ಕಾರ್ಸಿಕಾದಲ್ಲಿ ಲೆಕ್ಕಕ್ಕೆ ಬಂದುದು ಕ್ಷಣ. ಯಂತ್ರವಲ್ಲ, ರಸ್ತೆಯೇ ಬೇರೆಯಾಗಿತ್ತು.

ಗೆಲುವು ಒಂದೇ ವರ್ಷದ್ದು. 1984ರಲ್ಲಿ ಆಡಿ ಪಟ್ಟ ಮರಳಿ ಪಡೆಯಿತು. ಆಗ ಲಾನ್ಸಿಯಾದವರು ಎರಡರಲ್ಲಿ ಒಂದನ್ನು ಆರಿಸುವ ಗೋಜನ್ನೇ ಬಿಟ್ಟರು. 1985ರ ಡೆಲ್ಟಾ ಎಸ್-4 ಗಾಡಿಯಲ್ಲಿ ಕೆಳಗಿನ ವೇಗಕ್ಕೆ ಸೂಪರ್‌ಚಾರ್ಜರು, ಮೇಲಿನದಕ್ಕೆ ಟರ್ಬೋ. ಹೊಗೆ ಸಾಲದಾದಾಗ ದಂಡ, ದಂಡಕ್ಕೆ ಭಾರವಾದಾಗ ಹೊಗೆ. ಎರಡು ಲೀಟರಿಗಿಂತ ಚಿಕ್ಕ ಎಂಜಿನ್ನಿನಿಂದ 400ಕ್ಕೂ ಹೆಚ್ಚು ಅಶ್ವಶಕ್ತಿ, ಅದೂ ತಡವಿಲ್ಲದೆ. ಎಂಬತ್ತು ವರ್ಷಗಳ ಪ್ರಶ್ನೆಗೆ ಉತ್ತರ ಸಿಕ್ಕಂತಿತ್ತು. ಮೊದಲ ಪಂದ್ಯವನ್ನೇ ಫಿನ್ಲೆಂಡಿನ ಹೆನ್ರಿ ತೊಯ್ವೊನೆನ್ ಗೆದ್ದನು, ಮರುವರ್ಷ ಮಾಂಟೆಕಾರ್ಲೋವನ್ನೂ ಗೆದ್ದನು. 1986ರ ಮೇ 2ರಂದು ಕಾರ್ಸಿಕಾದಲ್ಲಿ ಅವನ ಗಾಡಿ ಎಡತಿರುವೊಂದರಲ್ಲಿ ರಸ್ತೆ ಬಿಟ್ಟು ಕೆಳಗುರುಳಿ ಹೊತ್ತಿಕೊಂಡಿತು. ಅವನೂ ಜೊತೆಗಾರ ಸೆರ್ಜಿಯೋ ಕ್ರೆಸ್ತೊನೂ ಉಳಿಯಲಿಲ್ಲ. ತೊಯ್ವೊನೆನ್‌ಗೆ 29 ವರ್ಷ. ಅಪಘಾತದ ಕಾರಣ ಇಂದಿಗೂ ಸ್ಥಿರಪಟ್ಟಿಲ್ಲ. ಅದನ್ನು ಯಂತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಆ ವರ್ಗದ ಗಾಡಿಗಳ ವೇಗ ಮನುಷ್ಯನ ಕಣ್ಣು ಕೈಗಳ ವೇಗವನ್ನು ಮೀರುತ್ತಿದೆಯೆಂಬ ಭೀತಿ ಆಗಲೇ ಹಬ್ಬಿತ್ತು. 1987ರಿಂದ ಆ ವರ್ಗವನ್ನೇ ನಿಷೇಧಿಸಲಾಯಿತು. ಟರ್ಬೋ ತಡಮಾಡುತ್ತಿದ್ದ ಆ ಎರಡು ಕ್ಷಣಗಳಲ್ಲಿ ಚಾಲಕನಿಗೆ ಯೋಚಿಸಲು ಬಿಡುವಾದರೂ ಇತ್ತಲ್ಲ ಎಂದು ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು.

ಇತ್ತೀಚಿನ ದಶಕಗಳಲ್ಲಿ ರಸ್ತೆಯ ಕಾರುಗಳಲ್ಲಿ ಟರ್ಬೋದ್ದೇ ಮೇಲುಗೈ. ಇಂಧನದ ಉಳಿತಾಯ, ಹೊಗೆಯ ಮೇಲಣ ಕಾಯಿದೆಗಳು, ಹಗುರವಾದ ಚಿಕ್ಕ ಚಕ್ರಗಳು ಕೂಡಿ ಸೂಪರ್‌ಚಾರ್ಜರನ್ನು ಮೂಲೆಗೆ ಸರಿಸಿವೆ. ಫಾರ್ಮುಲಾ ಒನ್ ಪಂದ್ಯಗಳಲ್ಲಿ 1989ರಿಂದ ನಿಷೇಧಕ್ಕೊಳಗಾಗಿದ್ದ ಟರ್ಬೋ 2014ರಲ್ಲಿ ಮರಳಿದಾಗ ಅದರ ಅಚ್ಚಿಗೇ ಒಂದು ವಿದ್ಯುತ್ ಮೋಟಾರನ್ನು ಕೂರಿಸಿದ್ದರು. ಹೊಗೆ ಬರುವ ಮೊದಲೇ ಅದು ಚಕ್ರವನ್ನು ತಿರುಗಿಸಿ ಇಡುತ್ತಿತ್ತು. ತಿದಿ ಒತ್ತಲು ಕಮ್ಮಾರನೂ ಅಲ್ಲ, ಹೊಗೆಯೂ ಅಲ್ಲ, ಮೂರನೆಯವನೊಬ್ಬ ಬಂದಂತಾಯಿತು. ಅದು ಬಲು ದುಬಾರಿ, ಬಲು ಜಟಿಲ. 2026ರ ನಿಯಮಗಳು ಟರ್ಬೋವನ್ನು ಉಳಿಸಿಕೊಂಡು ಆ ಮೋಟಾರನ್ನು ಕಿತ್ತುಹಾಕಿವೆ. ಚಾಲಕರು ಮತ್ತೆ ಹೊಗೆಗಾಗಿ ಕಾಯಬೇಕಾಗಿದೆ.