ಅತಿಸಂಸ್ಕರಿತ ಆಹಾರ

ಅತಿಸಂಸ್ಕರಿತ ಆಹಾರ: ಧಾನ್ಯ, ಎಣ್ಣೆಕಾಳು ಮೊದಲಾದವುಗಳಿಂದ ಬೇರ್ಪಡಿಸಿದ ಪಿಷ್ಟ, ಕೊಬ್ಬು, ಸಕ್ಕರೆ, ಪ್ರೋಟೀನುಗಳಿಗೆ ಬಣ್ಣ, ಪರಿಮಳ, ಎಮಲ್ಸಿಫೈಯರ್‌ಗಳನ್ನು ಬೆರೆಸಿ ಕಾರ್ಖಾನೆಯಲ್ಲಿ ತಯಾರಿಸುವ ಸಿದ್ಧ ತಿನಿಸು. ಬ್ರೆಜಿಲ್‌ನ ಸಾವೊ ಪೌಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ 2009ರಲ್ಲಿ ಮಂಡಿಸಿದ ವಿಚಾರದಿಂದ ಬೆಳೆದ ನೋವಾ ವರ್ಗೀಕರಣದಲ್ಲಿ ಇದು ನಾಲ್ಕನೆಯ, ಕೊನೆಯ ಗುಂಪು. ತಂಪು ಪಾನೀಯ, ಇನ್‌ಸ್ಟಂಟ್ ನೂಡಲ್ಸ್, ಕ್ರೀಮ್ ಬಿಸ್ಕತ್ತು, ಪೊಟ್ಟಣದ ಕುರುಕಲು ಇದರಲ್ಲಿ ಬರುತ್ತವೆ. ಮನೆಯಲ್ಲಿ ರುಬ್ಬಿ ಹುದುಗಿಸಿದ ಇಡ್ಲಿ ಹಿಟ್ಟು, ಉಪ್ಪಿನಕಾಯಿ ಬರುವುದಿಲ್ಲ.

ಅತಿಸಂಸ್ಕರಿತ ಆಹಾರದ ಪರಿಣಾಮಕ್ಕೆ ಸ್ಪಷ್ಟ ಪುರಾವೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗ. ಅಲ್ಲಿಯೇ ಉಳಿದ 20 ವಯಸ್ಕರಿಗೆ ಎರಡು ವಾರ ಅತಿಸಂಸ್ಕರಿತ, ಎರಡು ವಾರ ಅಲ್ಪಸಂಸ್ಕರಿತ ಊಟವನ್ನು ಬೇಕಾದಷ್ಟು ಬಡಿಸಲಾಯಿತು. ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮವಾಗಿದ್ದರೂ ಮೊದಲನೆಯದನ್ನು ಬೇಗ ಬೇಗ ತಿಂದು, ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿ ಹೆಚ್ಚು ಸೇವಿಸಿದರು. ತೂಕ ಸರಾಸರಿ 0.9 ಕಿಲೊ ಏರಿತು.

ಜಡ ಜೀವನ ಈ ಹಾನಿಯನ್ನು ಹೆಚ್ಚಿಸುತ್ತದೆ. ದುಡಿಯುವ ಸ್ನಾಯು ರಕ್ತದ ಗ್ಲುಕೋಸನ್ನು ಹೀರಿಕೊಳ್ಳುತ್ತದೆ. ಗಂಟೆಗಟ್ಟಲೆ ಕುಳಿತಾಗ ಈ ಕೆಲಸ ತಗ್ಗಿ, ಕಾಲಕ್ರಮದಲ್ಲಿ ಇನ್ಸುಲಿನ್ ಪ್ರತಿರೋಧ, ಹೊಟ್ಟೆಯ ಬೊಜ್ಜು ಬೆಳೆದು ಮಧುಮೇಹಕ್ಕೆ ದಾರಿಯಾಗುತ್ತವೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜು.

ಪೋಷಕಾಂಶದ ನಷ್ಟವೂ ಕಡೆಗಣಿಸುವಂಥದ್ದಲ್ಲ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದ್ದರೆ, ಬಿಸ್ಕತ್ತಿನ ಮೈದಾದಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಆದರೆ ಸಕ್ಕರೆ ಪಾನೀಯ, ನಾರಿನಂಶವುಳ್ಳ ಬ್ರೆಡ್ಡು ಎರಡನ್ನೂ ಒಂದೇ ಗುಂಪಿಗೆ ಸೇರಿಸುವುದು ನೋವಾ ವರ್ಗೀಕರಣದ ಮೇಲಿರುವ ಮುಖ್ಯ ಆಕ್ಷೇಪ.