ಬೇರೆಯಾದ ಅಪ್ಪ ಅಥವಾ ಅಮ್ಮನ ಭೇಟಿಗೆ ಮಗು ಒಪ್ಪದಿದ್ದಾಗ

ದಂಪತಿ ಬೇರೆಯಾದಾಗ ಮಗು ಒಬ್ಬರ ಸುಪರ್ದಿಗೆ ಸೇರಿದರೂ, ಇನ್ನೊಬ್ಬರು ಗೊತ್ತಾದ ದಿನಗಳಲ್ಲಿ ಅದನ್ನು ಕಾಣಲು ಕೋರ್ಟು ಅವಕಾಶ ಕೊಡುತ್ತದೆ. ಇದು ಭೇಟಿಯ ಹಕ್ಕು. ವಾರಾಂತ್ಯದ ಕೆಲವು ಗಂಟೆ, ಬೇಸಿಗೆ ರಜೆಯ ಒಂದು ಪಾಲು, ಹಬ್ಬ, ಹುಟ್ಟುಹಬ್ಬ ಎಂದು ಆದೇಶದಲ್ಲಿ ಬರೆದಿರುತ್ತದೆ. ಆ ಹೊತ್ತು ಬಂದಾಗ ಮಗು ಬಾಗಿಲ ಚೌಕಟ್ಟು ಹಿಡಿದು ‘ನಾನು ಹೋಗಲ್ಲ’ ಎಂದು ಕೂತುಬಿಟ್ಟರೆ?

ಕಾಯ್ದೆ ಏನನ್ನುತ್ತದೆ

1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 13ನೇ ಕಲಮಿನ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೇ ಕಲಂ, ತಿಳಿದು ಆರಿಸಿಕೊಳ್ಳುವಷ್ಟು ದೊಡ್ಡ ಮಗುವಾದರೆ ಅದರ ಇಷ್ಟವನ್ನೂ ಪರಿಗಣಿಸಬಹುದು ಎನ್ನುತ್ತದೆ. ಇಂತಿಷ್ಟೇ ವಯಸ್ಸು ಎಂದು ಹೇಳಿಲ್ಲ. ಹಾಗಾಗಿ ನ್ಯಾಯಾಧೀಶರು ಮಗುವನ್ನು ಕೊಠಡಿಗೆ ಕರೆಸಿ, ಅಪ್ಪ ಅಮ್ಮನನ್ನು ಹೊರಗಿರಿಸಿ ಮಾತಾಡಿಸುವ ರೂಢಿಯಿದೆ.

ಯಶಿತಾ ಸಾಹು ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟು, ಮಗುವಿಗೆ ತಂದೆ ತಾಯಿ ಇಬ್ಬರ ಪ್ರೀತಿಯ ಮೇಲೂ ಹಕ್ಕಿದೆ, ತೀರಾ ವಿಪರೀತ ಸಂದರ್ಭದಲ್ಲಿ ಮಾತ್ರ ಭೇಟಿ ನಿರಾಕರಿಸಬೇಕು ಎಂದಿತು. ಅದು ಅಮೆರಿಕದಲ್ಲಿ ನೆಲೆಸಿದ್ದ ದಂಪತಿಯ ವ್ಯಾಜ್ಯ. ದೂರದಲ್ಲಿರುವವರಿಗೆ ವಿಡಿಯೊ ಕರೆಯ ಸಂಪರ್ಕವನ್ನೂ ಕೋರ್ಟು ಒತ್ತಿ ಹೇಳಿತು.

ಮಗು ಯಾಕೆ ಒಲ್ಲೆ ಎನ್ನುತ್ತದೆ

ಎರಡು ಮೂರು ವರ್ಷದ ಕೂಸು ಅಳುವುದು ಬಹುಮಟ್ಟಿಗೆ ಅಗಲಿಕೆಯ ಭಯದಿಂದ. ದಿನವೂ ನೋಡುವ ಮುಖ ಬಿಟ್ಟು ಹೋಗಲು ಅದಕ್ಕೆ ಹೆದರಿಕೆ. ಹದಿಮೂರು ದಾಟಿದವರಿಗೆ ಟ್ಯೂಷನ್, ಕ್ರಿಕೆಟ್, ಗೆಳೆಯರು ಅಡ್ಡ ಬರುತ್ತಾರೆ. ಅಲ್ಲಿ ಜಗಳವಿರುವುದು ವೇಳಾಪಟ್ಟಿಯ ಜೊತೆ, ಅಪ್ಪನ ಜೊತೆಯಲ್ಲ.

ಕಷ್ಟವಿರುವುದು ನಡುವಿನ ವಯಸ್ಸಿನವರದು. ಎಂಟು ವರ್ಷದ ಹುಡುಗಿ ಅಪ್ಪನ ಜೊತೆ ಮಸಾಲೆ ದೋಸೆ ತಿಂದು, ನಕ್ಕು, ಮನೆಗೆ ಬರುತ್ತಾಳೆ. ‘ಹೇಗಿತ್ತು ಪುಟ್ಟಿ?’ ಎಂದು ಅಮ್ಮ ಕೇಳಿದರೆ ‘ಬೋರು’ ಎನ್ನುತ್ತಾಳೆ. ಚೆನ್ನಾಗಿತ್ತು ಎಂದರೆ ಅಮ್ಮನ ಮುಖ ಬಾಡುವುದು ಅವಳಿಗೆ ಗೊತ್ತು. ಅಪ್ಪನೋ ‘ಅಮ್ಮ ಏನಂತಾಳೆ, ಮನೆಗೆ ಯಾರು ಬರ್ತಾರೆ’ ಎಂದು ವಿಚಾರಿಸುತ್ತಿರುತ್ತಾನೆ. ಎರಡೂ ಕಡೆ ಮಾತು ಅಳೆದು ಆಡಿ ಸಾಕಾದ ಮಗುವಿಗೆ ಹೋಗದೇ ಇರುವುದೇ ಸುಲಭ ಎನಿಸುತ್ತದೆ. ಇಲ್ಲಿ ಯಾರೂ ಕಿವಿ ಊದಬೇಕಾಗಿಲ್ಲ. ದೊಡ್ಡವರು ಗಮನಿಸದೆ ಹೋಗುವ ಕಾರಣ ಇದೇ ಎಂದು ನನಗನ್ನಿಸುತ್ತದೆ.

ಹೊಡೆತ, ಕುಡಿತ, ಲೈಂಗಿಕ ಕಿರುಕುಳದ ಭಯವಿದ್ದರೆ ವಿಚಾರವೇ ಬೇರೆ. ಅಲ್ಲಿ ಮಗುವಿನ ‘ಒಲ್ಲೆ’ ದೂರು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು, ಕೋರ್ಟಿಗೂ ಕೂಡಲೇ ತಿಳಿಸಬೇಕು. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ.

‘ತಲೆ ಕೆಡಿಸಿದ್ದಾರೆ’ ಎಂಬ ಆರೋಪ

ಭೇಟಿ ತಪ್ಪಿದವರ ಮೊದಲ ಮಾತು ಇದು. ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್ 1985ರಲ್ಲಿ, ಒಬ್ಬರು ಮಗುವಿನ ಮನಸ್ಸನ್ನು ಇನ್ನೊಬ್ಬರ ವಿರುದ್ಧ ತಿರುಗಿಸುವುದಕ್ಕೆ ‘ಪೇರೆಂಟಲ್ ಏಲಿಯನೇಷನ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಇದನ್ನು ರೋಗವೆಂದು ಸೇರಿಸಿಕೊಂಡಿಲ್ಲ. ನಮ್ಮ ಸುಪ್ರೀಂ ಕೋರ್ಟು ವಿವೇಕ್ ಸಿಂಗ್ ಪ್ರಕರಣದಲ್ಲಿ (2017) ಈ ಪರಿಕಲ್ಪನೆಯನ್ನು ಪ್ರಸ್ತಾಪಿಸಿತ್ತು. 2024ರಲ್ಲಿ ಕರ್ನಲ್ ರಮ್ನೀಶ್ ಪಾಲ್ ಸಿಂಗ್ ಪ್ರಕರಣದಲ್ಲಿ ಮಾತ್ರ, ಆತುರದಿಂದ ಈ ಹಣೆಪಟ್ಟಿ ಹಚ್ಚಬಾರದು, ಮಗುವಿನ ಮನಸ್ಸು ಕೆಡಿಸಿದ ನಿರ್ದಿಷ್ಟ ನಡವಳಿಕೆಯನ್ನು ಗುರುತಿಸಬೇಕು ಎಂದು ಎಚ್ಚರಿಸಿತು. ಈ ಎಚ್ಚರ ಅಗತ್ಯವಿತ್ತು. ಮನಸ್ಸು ಕೆಡಿಸುವವರು ಇಲ್ಲವೆಂದಲ್ಲ. ಆದರೆ ಎಲ್ಲ ನಿರಾಕರಣೆಗೂ ಅದೇ ಕಾರಣವೆಂದುಕೊಂಡರೆ ನಿಜವಾಗಿ ಹೆದರಿದ ಮಗುವಿನ ಮಾತು ಯಾರಿಗೂ ಕೇಳಿಸದೆ ಹೋಗುತ್ತದೆ.

ಮುಂದೇನು

ಮಗುವಿಗೆ ಇಷ್ಟವಿಲ್ಲ ಎಂದು ತಾವಾಗಿ ಭೇಟಿ ನಿಲ್ಲಿಸಿದರೆ, ಸುಪರ್ದಿಯಲ್ಲಿಟ್ಟುಕೊಂಡವರು ನ್ಯಾಯಾಂಗ ನಿಂದನೆಯ ಅರ್ಜಿ ಎದುರಿಸಬೇಕಾಗಬಹುದು. ಮಗುವನ್ನು ಎತ್ತಿ ಕಾರಿಗೆ ತುಂಬುವುದೂ ಸಲ್ಲದು. ಆಮೇಲೆ ಮಗು ಮರೆಯದೆ ಉಳಿಸಿಕೊಳ್ಳುವುದು ಆ ಎಳೆದಾಟವನ್ನೇ. ಯಾವ ದಿನ, ಏನಾಯಿತು, ಮಗು ಏನೆಂದಿತು ಎಂಬುದನ್ನು ಬರೆದಿಟ್ಟು ವಕೀಲರ ಮೂಲಕ ಕೋರ್ಟಿನ ಗಮನಕ್ಕೆ ತರುವುದು ಸರಿಯಾದ ದಾರಿ.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 12ನೇ ಕಲಂ ಪ್ರಕಾರ ಕೋರ್ಟು ವೈದ್ಯರ, ಸಮಾಜಸೇವಾ ತಜ್ಞರ ನೆರವು ಪಡೆಯಬಹುದು. ಆಪ್ತಸಮಾಲೋಚಕರೊಬ್ಬರು ಮಗುವಿನ ಜೊತೆ ನಾಲ್ಕಾರು ಸಲ ಕೂತರೆ, ಒಂದು ಪ್ರಶ್ನೋತ್ತರದಲ್ಲಿ ಹೊರಬರದ ಕಾರಣ ಹೊರಬರುತ್ತದೆ. ಆಮೇಲೆ ಭೇಟಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಬಹುದು: ಮೊದಲು ಫೋನು, ಆಮೇಲೆ ಮೂರನೆಯವರ ಸಮ್ಮುಖದಲ್ಲಿ ಒಂದು ಗಂಟೆ, ಕಡೆಗೆ ರಾತ್ರಿ ತಂಗುವುದು. ಮಗುವನ್ನು ಒಪ್ಪಿಸಲು ಪೊಲೀಸ್ ಠಾಣೆಗಿಂತ ಅಜ್ಜಿ ಮನೆಯೋ ಪಾರ್ಕೋ ಮೇಲು.

ಸುಪರ್ದಿಯ ಆದೇಶ ಎಂದೂ ಅಂತಿಮವಲ್ಲ. 1973ರ ರೋಸಿ ಜೇಕಬ್ ಪ್ರಕರಣದಿಂದಲೂ ಸುಪ್ರೀಂ ಕೋರ್ಟಿನ ನಿಲುವು ಇದು. ಐದು ವರ್ಷದ ಮಗುವಿಗೆಂದು ಬರೆದ ಭೇಟಿಯ ವೇಳಾಪಟ್ಟಿ ಎಸ್ಸೆಸ್ಸೆಲ್ಸಿ ಓದುವಾಗ ಹೊಂದದಿದ್ದರೆ, ಬದಲಾವಣೆ ಕೋರಿ ಇಬ್ಬರಲ್ಲಿ ಯಾರಾದರೂ ಅರ್ಜಿ ಹಾಕಬಹುದು.